ಮೀನಿನ ತೊಟ್ಟಿಯೂ ಕೈಯ ಗಂಟೂ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಈಗ ಅನೇಕ ಗೃಹಗಳಲ್ಲಿ ಕಂಡುಬರುತ್ತದೆ. ಮಕ್ಕಳಿಗೆ ಅದು ವಿನೋದವೂ ಹೌದು, ಜೀವದಯೆಯ ಪಾಠವೂ ಹೌದು. ಅದನ್ನು ಬಿಡಿರೆಂದು ನಾವು ಹೇಳತಕ್ಕವರಲ್ಲ. ಆದರೆ ಆ ತೊಟ್ಟಿಯನ್ನು ತೊಳೆಯುವ ಕೈಯ ವಿಷಯವಾಗಿ ವಾಚಕರಲ್ಲಿ ಒಂದು ಮಾತನ್ನು ಅರಿಕೆ ಮಾಡಬೇಕಾಗಿದೆ.

ಕ್ಷಯರೋಗದ ಸೂಕ್ಷ್ಮಜೀವಿಗೆ ದಾಯಾದಿಗಳು ಬಹಳ. ಮೈಕೋಬ್ಯಾಕ್ಟೀರಿಯಮ್ ಎಂಬ ಆ ಕುಲದಲ್ಲಿ ಹೆಚ್ಚಿನವು ನೀರಿನಲ್ಲಿಯೂ ಮಣ್ಣಿನಲ್ಲಿಯೂ ತಮ್ಮಷ್ಟಕ್ಕೆ ತಾವಿರುತ್ತವೆ. ಮನುಷ್ಯನ ಗೊಡವೆಗೆ ಬರುವುದು ಅಪರೂಪ. ಅವುಗಳಲ್ಲೊಂದನ್ನು 1926ರಲ್ಲಿ ಅರಾನ್ಸನ್ ಎಂಬ ಶಾಸ್ತ್ರಜ್ಞರು ಅಮೆರಿಕದ ಫಿಲಡೆಲ್ಫಿಯಾ ನಗರದ ಮತ್ಸ್ಯಾಲಯದಲ್ಲಿ ಸತ್ತ ಕಡಲ ಮೀನುಗಳಲ್ಲಿ ಕಂಡು, ಕಡಲಿಗೆ ಸೇರಿದುದೆಂಬ ಅರ್ಥದಲ್ಲಿ ‘ಮರೈನಮ್’ ಎಂದು ಹೆಸರಿಟ್ಟರು. 1954ರಲ್ಲಿ ಸ್ವೀಡನ್ ದೇಶದ ಲಿನೆಲ್, ನಾರ್ಡೆನ್ ಎಂಬಿಬ್ಬರು ಈಜುಕೊಳದಿಂದ ಚರ್ಮರೋಗವನ್ನು ತಂದುಕೊಂಡವರಲ್ಲಿ ಒಂದು ಕ್ರಿಮಿಯನ್ನು ಕಂಡು, ಸ್ನಾನವನ್ನು ಸೂಚಿಸುವ ಬೇರೊಂದು ಹೆಸರನ್ನಿತ್ತರು. ಎರಡೂ ಒಂದೇ ಎಂಬುದು ತರುವಾಯ ತಿಳಿಯಿತು.

ಕೈಯಲ್ಲಿ ಸಣ್ಣ ಗೀರಿದ್ದರೂ ಸಾಕು, ತೊಟ್ಟಿಯ ನೀರಿನಿಂದ ಈ ಕ್ರಿಮಿಯು ಒಳಹೊಗಬಲ್ಲದು. ಎರಡರಿಂದ ನಾಲ್ಕು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದ ಬಳಿಕ ಅಲ್ಲೊಂದು ಕೆಂಪು ಗಂಟು ಏಳುತ್ತದೆ. ಮುಂಗೈಯುದ್ದಕ್ಕೂ ಸಾಲಾಗಿ ಹಲವು ಏಳುವುದೂ ಉಂಟು. ಅಷ್ಟು ಹೊತ್ತಿಗೆ ಗೀರಿನ ನೆನಪೇ ಮಾಸಿರುತ್ತದೆ.

ಈ ಕ್ರಿಮಿಯು ತಂಪನ್ನು ಬಯಸತಕ್ಕದ್ದು. ಸುಮಾರು 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ದೇಹದೊಳಗಿನ 37 ಡಿಗ್ರಿ ಅದಕ್ಕೆ ಒಗ್ಗದು. ಆದಕಾರಣವೇ ಅದು ಸಾಮಾನ್ಯವಾಗಿ ಕೈಕಾಲುಗಳ ಚರ್ಮದಲ್ಲಿಯೇ ನಿಲ್ಲುತ್ತದೆ. ಆದರೆ ತೊಡಕೂ ಅದೇ ಗುಣದಿಂದ ಹುಟ್ಟುತ್ತದೆ. ಪ್ರಯೋಗಶಾಲೆಯಲ್ಲಿ ಗಂಟಿನ ತುಣುಕನ್ನು ವಾಡಿಕೆಯಂತೆ 37 ಡಿಗ್ರಿಯಲ್ಲಿಟ್ಟರೆ ಕ್ರಿಮಿಯು ಬೆಳೆಯದೆ, ಏನೂ ಇಲ್ಲವೆಂದು ತೋರಬಹುದು. ಮನೆಯಲ್ಲಿ ಮೀನಿನ ತೊಟ್ಟಿಯುಂಟೆಂದು ತಿಳಿದ ವೈದ್ಯರು ತಂಪಿನಲ್ಲಿಯೂ ಬೆಳೆಸಿ ನೋಡಿರೆಂದು ಬರೆಯುತ್ತಾರೆ. ತಿಳಿಯದಿದ್ದರೆ ತಿಂಗಳುಗಟ್ಟಲೆ ಬೇರೆ ರೋಗದ ಔಷಧವು ನಡೆದು, ಕೀಲು ಮತ್ತು ಸ್ನಾಯುಬಂಧಗಳಿಗೂ ಅಪಾಯ ತಟ್ಟೀತು.

ಗೃಹಸ್ಥರು ಭಯಪಡಬೇಕಾಗಿಲ್ಲ. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ತಕ್ಕ ಔಷಧವನ್ನು ಕೆಲವು ತಿಂಗಳು ನಡುವೆ ಬಿಡದೆ ಸೇವಿಸಿದರೆ ವಾಸಿಯಾಗುತ್ತದೆ. ತೊಟ್ಟಿ ತೊಳೆಯುವಾಗ ರಬ್ಬರಿನ ಕೈಗವಸನ್ನು ಧರಿಸಿರಿ. ಗಾಯವಿರುವವರೂ ರೋಗನಿರೋಧಶಕ್ತಿ ಕುಂದಿದವರೂ ಆ ಕೆಲಸವನ್ನು ಇತರರಿಗೆ ಬಿಡಲಿ. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಿರಿ. ಮಾಯದ ಗಂಟೊಂದು ಕೈಯಲ್ಲಿ ಕಂಡರೆ ವೈದ್ಯರ ಮುಂದೆ ಮೀನಿನ ಮಾತನ್ನೂ ಎತ್ತಿರಿ. ಕ್ಷುಲ್ಲಕವೆಂದು ನಾವು ನುಂಗಿಕೊಳ್ಳುವ ಮಾತಿನಲ್ಲಿಯೇ ಒಮ್ಮೊಮ್ಮೆ ರೋಗದ ಗುರುತು ಅಡಗಿರುತ್ತದೆ.