ಗ್ಲೋವ್ ಬಾಕ್ಸಿನ ಹಿಂದೆ

‘ಕ್ಯಾಬಿನ್ ಫಿಲ್ಟರ್ ಬದಲಿಸಿದ್ದೀವಿ ಸರ್’ ಎಂದು ಸರ್ವೀಸ್ ಸೆಂಟರಿನವರು ಎರಡು ವರ್ಷವೂ ದುಡ್ಡು ತೆಗೆದುಕೊಂಡರು. ಮೊನ್ನೆ ನಾನೇ ಗ್ಲೋವ್ ಬಾಕ್ಸಿನ ಎರಡೂ ಬದಿ ಒತ್ತಿ ಕೆಳಗಿಳಿಸಿ, ಹಿಂದಿನ ಮುಚ್ಚಳ ತೆಗೆದು ಎಳೆದೆ. ಕಪ್ಪಗಾದ ರಟ್ಟಿನಂಥದ್ದೊಂದು ಬಂತು. ಮಡಿಕೆಗಳಲ್ಲಿ ಹೊಂಗೆಯ ಒಣ ಎಲೆ, ಸತ್ತ ಜಿರಲೆ. ಎಸಿ ಹಾಕಿದಾಗಲೆಲ್ಲ ಮಗಳು ಉಸಿರಾಡಿದ್ದು ಇದರೊಳಗಿಂದ ಬಂದ ಗಾಳಿ. ಗಾಳಿ ಹರಿಯುವ ದಿಕ್ಕಿನ ಬಾಣ ನೋಡಿ ಹೊಸದನ್ನು ತೂರಿಸಲು 10 ನಿಮಿಷ ಸಾಕಾಯಿತು, ಸ್ಪ್ಯಾನರೂ ಬೇಕಾಗಲಿಲ್ಲ.

ಅವರಿಗಿಂತ ನನ್ನ ಮೇಲೇ ಸಿಟ್ಟು. ಕಾಯಕದ ಬಗ್ಗೆ ಸೆಮಿನಾರಿನಲ್ಲಿ ಗಂಟೆಗಟ್ಟಲೆ ಮಾತಾಡಿದವನು ನಾನು. ಬಾನೆಟ್ ಎತ್ತಲು ಹುಡುಗನನ್ನು ಕರೆಯುವವನೂ ನಾನೇ. ಕೈಗೆ ಮಸಿ ಹತ್ತುವ ಕೆಲಸ ನಮ್ಮದಲ್ಲ ಎಂಬ ಓದಿದವರ ಮಡಿ ಇದೆಯಲ್ಲ, ಅದಕ್ಕೇ ನೋಡದೆ ಬಿಲ್ ಕಟ್ಟಿದ್ದು. ಕಾರಿರುವ ಸಾಹಿತ್ಯಮಿತ್ರರೇ, ಈ ಭಾನುವಾರ ನಿಮ್ಮದನ್ನೂ ಎಳೆದು ನೋಡಿ. ಆಮೇಲೆ ಹಳೇ ಬಿಲ್ ಹುಡುಕಿ.