ಅರಿಸ್ಟಾಟಲನೂ ಕಲ್ಯಾಣದ ಅಂಬಿಗನೂ

ಉಮರ್ಗಾದ ಬಳಿಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಕಳೆದ ರಜೆಯಲ್ಲಿ ಹೋಗಿದ್ದೆವು. ಹುಡುಗನು ತತ್ತ್ವಶಾಸ್ತ್ರದಲ್ಲಿ ಸಂಶೋಧನೆಗೆ ತೊಡಗಿದ್ದಾನೆ. ಅಸ್ತಿತ್ವವಾದ, ಧರ್ಮ, ಪ್ರಾಚೀನ ಗ್ರೀಕರ ರಾಜ್ಯಚಿಂತನೆ ಅವನ ವಿಷಯಗಳು. "ಗುರುಗಳೆ, ಕನ್ನಡದಲ್ಲಿ ದೇವರ ಪದಗಳಿವೆ, ದರ್ಶನವೆಲ್ಲಿದೆ?" ಎಂದನು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವನ ಅಜ್ಜಿಯ ಕೈ ನಿಂತಿತು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಬೆಳೆದ ಮಕ್ಕಳಿಂದ ನಿಲಂಗಾ, ಉದಗೀರಗಳಲ್ಲಿಯೂ ಈ ಮಾತನ್ನು ಕೇಳಿದ್ದೇವೆ. ನಾವು ಅವನಿಗೆ ಗುರುದೇವ ರಾನಡೆಯವರನ್ನು ನೆನಪಿಸಿದೆವು. 1886ರಲ್ಲಿ ಜಮಖಂಡಿಯಲ್ಲಿ ಜನಿಸಿದ ಅವರದು ನಮಗೆ ತಿರುಗುಮುರುಗು: ಮನೆಮಾತು ಮರಾಠಿ, ಸುತ್ತಲಿನ ಮಾತು ಕನ್ನಡ. ಹೆರಾಕ್ಲಿಟಸನ ಮೇಲೆ ಬರೆದರು, 1926ರಲ್ಲಿ ಉಪನಿಷತ್ತುಗಳ ಸಮೀಕ್ಷೆಯನ್ನೂ 1933ರಲ್ಲಿ ಮಹಾರಾಷ್ಟ್ರದ ಅನುಭಾವಿಗಳ ಗ್ರಂಥವನ್ನೂ ಹೊರತಂದರು, ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಕನ್ನಡದ ಶರಣರನ್ನೂ ದಾಸರನ್ನೂ ಕುರಿತ ಅವರ ಇಂಗ್ಲಿಷ್ ಗ್ರಂಥವು, 1957ರಲ್ಲಿ ನಿಂಬಾಳದಲ್ಲಿ ಅವರು ತೀರಿಕೊಂಡ ಮೇಲೆ, 1960ರಲ್ಲಿ ಪ್ರಕಟವಾಯಿತು. ಮನುಷ್ಯನನ್ನು ದೇವರ ದಾರಿಗೆ ಹಚ್ಚುವ ಪ್ರೇರಣೆ ಯಾವುದೆಂಬ ಅಲ್ಲಿನ ಪ್ರಶ್ನೆಯು ಡೆನ್ಮಾರ್ಕಿನ ಕೀರ್ಕೆಗಾರ್ಡನಿಗೆ ಅಪರಿಚಿತವಾದುದಲ್ಲ. ದೇವರೆದುರು ಒಂಟಿಯಾಗಿ ನಿಂತವನ ತಳಮಳವನ್ನೇ ಅವನೂ ಬರೆದನು.

ಆದರೆ ರಾನಡೆಯವರ ಒಲವು ಅನುಭಾವದ ಕಡೆಗೆ; ಶರಣರು ಊರಿನೊಡನೆ ಆಡಿದ ಜಗಳ ಅಲ್ಲಿ ಹಿಂದೆ ಸರಿಯುತ್ತದೆಂದು ನಮ್ಮ ಅನಿಸಿಕೆ. ಹುಡುಗನು ಅಲ್ಲಿಂದಲೇ ತೊಡಗಬಹುದಲ್ಲ! ಉತ್ತಮ ರಾಜ್ಯವು ಕೈಕಸುಬಿನವನನ್ನು ಪೌರನನ್ನಾಗಿ ಮಾಡದು ಎಂದು ಅರಿಸ್ಟಾಟಲನು 'ಪಾಲಿಟಿಕ್ಸ್' ಗ್ರಂಥದ ಮೂರನೆಯ ಭಾಗದಲ್ಲಿ ಹೇಳುತ್ತಾನೆ. ಬಿಡುವಿಲ್ಲದವನಿಗೆ ಪೌರನ ಸದ್ಗುಣ ಸಾಧಿಸದು ಎಂಬುದು ಅವನ ತರ್ಕ. ಹನ್ನೆರಡನೆಯ ಶತಮಾನದ ಕಲ್ಯಾಣವಾದರೋ ಉಮರ್ಗಾದಿಂದ ದೂರವೇನಲ್ಲ. ಅಲ್ಲಿ ದೋಣಿ ನಡೆಸುವ ಚೌಡಯ್ಯನು ದುಡಿಯುತ್ತಲೇ ವಚನ ನುಡಿದನು, ಯಾರ ಮುಲಾಜನ್ನೂ ನೋಡಲಿಲ್ಲ. ಕಾಯಕವನ್ನು ಬಿಟ್ಟು ಅರಿವಿಲ್ಲ ಎಂದವರು ಅವರು. ಸಮಗಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಗೆ ಬಿಜ್ಜಳನ ರಾಜ್ಯವೇ ಅಲುಗಿತೆಂದು ಪರಂಪರೆ ಹೇಳುತ್ತದೆ. ಇದು ರಾಜ್ಯಚಿಂತನೆಯಲ್ಲವೆ? (ಪರೀಕ್ಷಕರು ಒಪ್ಪುವರೋ ಇಲ್ಲವೋ, ಅದು ಬೇರೆ ಮಾತು.)

ಹುಡುಗನು ಬಹಳ ಹೊತ್ತು ಸುಮ್ಮನಿದ್ದು, ಕನ್ನಡವನ್ನು ತಡೆತಡೆದು ಓದುವೆನೆಂದು ನಾಚುತ್ತ ಒಪ್ಪಿಕೊಂಡನು. ಜಗಲಿಯ ಮೇಲೆ ಅಜ್ಜಿಯ ವಚನ ಪುಸ್ತಕವಿತ್ತು. ಕೇಳಿದ್ದಕ್ಕೆ, "ಒಯ್ಯಬ್ಯಾಡಪ್ಪಾ, ಮುಂಜಾನೆ ನನಗ ಬೇಕು, ಇಲ್ಲೇ ಕೂತು ಬರಕೋ, ತಿಳೀದಿದ್ದರ ನಾ ಹೇಳ್ತೀನಿ" ಎಂದರು ಆಕೆ. ನಾವು ಹೊರಡುವಾಗ ಅವನು ನಾಲ್ಕನೆಯ ಪುಟದಲ್ಲಿದ್ದನು.