ದೊಡ್ಡ ಗಡಿಯಾರದ ಚಿತ್ತಾರ

ಪುಟಾಣಿಗಳೇ, ಕಳೆದ ಭಾನುವಾರ ಮೊಮ್ಮಗನ ಕೈ ಹಿಡಿದು ಲಕ್ಷ್ಮೀಪುರಂನಿಂದ ನಡೆದೇ ದೊಡ್ಡ ಗಡಿಯಾರದ ಹತ್ತಿರ ಹೋಗಿದ್ದೆ. "ಗಂಟೆ ಎಷ್ಟೋ?" ಅಂದೆ. ಮುಳ್ಳು ನೋಡಿ, "ಐದೂವರೆ" ಅಂದ. ಆಮೇಲೆ ಕೇಳಿದ: "ತಾತ, ಸುತ್ತ ಇರೋದು ಏನು ಚಿತ್ತಾರ?"

ಅದು ಚಿತ್ತಾರವಲ್ಲ, ಕನ್ನಡ ಅಂಕಿ! ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ೨೫ ವರ್ಷ ತುಂಬಿದ ನೆನಪಿಗೆ, ೧೯೨೭ರಲ್ಲಿ, ಅರಮನೆಯ ನೌಕರರು ಕಟ್ಟಿಸಿದ ಗೋಪುರ ಅದು. ಎತ್ತರ ೭೫ ಅಡಿ. ಮನೆಮನೆಯಲ್ಲೂ ಗಡಿಯಾರ ಇಲ್ಲದ ಕಾಲದಲ್ಲಿ ಪೇಟೆಗೆ ಬಂದವರೆಲ್ಲ ಕತ್ತೆತ್ತಿ ಹೊತ್ತು ತಿಳಿಯುತ್ತಿದ್ದರು.

ಹುಡುಗನ ಮೇಲೆ ರೇಗಲು ಹೋದವನು ಸುಮ್ಮನಾದೆ. ಆ ದಾರಿಯಲ್ಲಿ ಎಷ್ಟೋ ಸಲ ಕರೆದೊಯ್ದಿದ್ದೇನೆ, ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ತಪ್ಪು ನನ್ನದೇ.

ಕಲಿಸುವ ಕೆಲಸವನ್ನು ಗಡಿಯಾರವೇ ಮಾಡಿತು. ಮೇಲಿರುವುದು ೧೨, ಬಲಕ್ಕೆ ೩ ಎಂದು ಅವನೇ ಎಣಿಸುತ್ತ ಬಂದ. ೬ ಮತ್ತು ೯ ಕೊಂಚ ಸತಾಯಿಸಿದವು. ಕೆಳಗಿನದು ೬, ಎಡಗಡೆಯದು ೯ ಎಂದು ಗುರುತಿಟ್ಟುಕೊಂಡ. ಮನೆಗೆ ಮರಳುವಾಗ ಬಸ್ಸಿನ ಮೇಲಿದ್ದ ಕನ್ನಡ ಸಂಖ್ಯೆಯನ್ನು ನನಗಿಂತ ಮೊದಲು ಓದಿದ!

ಇವತ್ತು ಈ ಪುಟದ ಅಂಕಿಗಳೆಲ್ಲ ಕನ್ನಡದವೇ. ಯಾವುದಾದರೂ ತಿಳಿಯದಿದ್ದರೆ ಪಕ್ಕದಲ್ಲಿರುವ ಅಜ್ಜಿಯನ್ನೋ ತಾತನನ್ನೋ ಕೇಳಿ. ಅಜ್ಜಿ, ತಾತಂದಿರೇ, ಅವರು ಕೇಳುವವರೆಗೆ ನನ್ನ ಹಾಗೆ ಕಾಯಬೇಡಿ.